ಕೊನೆಗೆ ಕಂಡ ಊರು

ಮಧ್ಯಾಹ್ನ ಮೂರು ಗಂಟೆಗೆ ಬಂಕಾಪುರದ ನಮ್ಮ ವಾರಪತ್ರಿಕೆ ಕಚೇರಿಯಲ್ಲಿ ಒಂದೇ ಹೆಸರನ್ನು ಮತ್ತೆ ಮತ್ತೆ ಹುಡುಕಿದೆ. ಪ್ರತಿ ಸಲ ಬೇರೆ ಊರು ಬಂತು.

ಸುಶೀಲವ್ವನ ಗಂಡ ಗುದ್ಲೆಪ್ಪ ಕಾಣೆಯಾಗಿ ಎಂಟು ವರ್ಷ. ಹೊಲ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಆಕೆಗೆ ನಮ್ಮ ಪತ್ರಿಕೆಯ ಅಂದಿನ ‘ಕಾಣೆಯಾಗಿದ್ದಾರೆ’ ಪ್ರಕಟಣೆಯ ಪ್ರತಿ ಬೇಕಿತ್ತು. ಹಳೆಯ ಸುದ್ದಿಗಳೆಲ್ಲ ಕಂಪ್ಯೂಟರಿನಲ್ಲಿ ಬಿಡಿ ಫೈಲುಗಳಾಗಿವೆ. ಕಪ್ಪು ಪರದೆಯಲ್ಲಿ ‘ಗ್ರೆಪ್’ ಕಮಾಂಡ್ ಜೊತೆ ಹೆಸರು ಕೊಟ್ಟರೆ, ಆ ಹೆಸರಿರುವ ಸಾಲು ಬರುತ್ತದೆ.

‘ಗುದ್ಲೆಪ್ಪ, ಕೊನೆಗೆ ಕಂಡದ್ದು ಹಿರೇಕೆರೂರಿನಲ್ಲಿ’ ಎಂದು ಬಂತು.

“ಹೌದ್ರಿ, ನಾನ ಹಂಗ ಬರಸಿದ್ದೆ,” ಎಂದಳು ಎದುರಿಗೆ ಕೂತಿದ್ದ ಸುಶೀಲವ್ವ.

ಫೈಲಿನ ಹೆಸರು ಬರೆದುಕೊಳ್ಳಲು ಮತ್ತೊಮ್ಮೆ ಎಂಟರ್ ಕೀಲಿ ಒತ್ತಿದೆ. ಅದೇ ಸಾಲಿನಲ್ಲಿ ಈಗ ಹಾನಗಲ್ಲ ಇತ್ತು, ಹಿರೇಕೆರೂರಿಗಿಂತ ನಮಗೆ ಹತ್ತಿರದ ಊರು. ಯಾರೋ ಬೇರೆಡೆಯಿಂದ ತಿದ್ದುತ್ತಿದ್ದಾರೆಂದು ಅನುಮಾನಿಸಿ ನೆಟ್‌ವರ್ಕ್ ವೈರು ಕಿತ್ತೆ. ಫೈಲು ಕೊನೆಗೆ ಬದಲಾದ ತಾರೀಖು ಎಂಟು ವರ್ಷ ಹಿಂದಿನದೇ. ಹೆದ್ದಾರಿಯ ಸದ್ದು ನಿಂತಿತ್ತು. ಅಂಥ ಬಿಸಿಲಿನಲ್ಲೂ ಕೀಲಿಗಳು ಬೆರಳಿಗೆ ತಣ್ಣಗೆ ತಾಗಿದವು. ಇನ್ನೊಮ್ಮೆ ಒತ್ತಿದರೆ ಬಂಕಾಪುರ ಎಂದು ಬಂತು.

“ಸಾಕ್ರಿ ಸರ, ಮತ್ತ ಒತ್ತಬ್ಯಾಡ್ರಿ. ಅಂವ ಬರಾಕ ಆಗೂದಿಲ್ಲ.”

“ಅದು ನಿಮಗ ಹ್ಯಾಂಗ ಗೊತ್ತು?”

ಸುಶೀಲವ್ವ ಮುಂಬಾಗಿಲನ್ನೇ ನೋಡುತ್ತ ಎದ್ದು, ಹಿಂಬಾಗಿಲಿನಿಂದ ಬರಿಗಾಲಲ್ಲಿ ಹೋದಳು. ಹೊರಗೆ ಬಿಟ್ಟಿದ್ದ ಚಪ್ಪಲಿ ಒಯ್ಯಲು ಈವರೆಗೆ ಬಂದಿಲ್ಲ.