ಬಲಗಡೆಯ ಸೀಟು

ನಾವೆಲ್ಲ ಮೇಷ್ಟ್ರು ಎನ್ನುವ ಹಿರಿಯ ಕ್ಯಾಪ್ಟನ್ನರ ತಲೆ ಎದೆಯ ಮೇಲೆ ವಾಲಿದಾಗ ನಮ್ಮ ವಿಮಾನ ಮೋಡದ ಹೊಟ್ಟೆಯೊಳಗಿತ್ತು. ಗಾಜಿನಾಚೆ ಬರೀ ಬಿಳುಪು. ಕೆಳಗೆಲ್ಲೋ ಗುಡ್ಡಗಳಿದ್ದವು. ಅವು ಎಷ್ಟು ಕೆಳಗಿವೆ ಎಂದು ತಿಳಿಯಲು ಮುಂದಿನ ಮೀಟರುಗಳ ಮುಳ್ಳುಗಳನ್ನು ನಂಬುವುದೊಂದೇ ದಾರಿ.

"ಚಕ್ರ ಇಳಿಸಿ, ಸರ್" ಎಂದೆ. "ಸರ್, ಚಕ್ರ!"

ತಿರುಗಿ ನೋಡಿದೆ. ಅವರ ಬಾಯಿ ಅರೆ ತೆರೆದಿತ್ತು. ಮರುಕ್ಷಣ ಅವರ ಮೈಯೆಲ್ಲ ಮುಂದಿನ ಹಿಡಿಕೆಯ ಮೇಲೆ ಕುಸಿಯಿತು, ವಿಮಾನದ ಮೂತಿ ಕೆಳಗೆ ಬಾಗಿತು. ನನ್ನ ಕಡೆಯ ಹಿಡಿಕೆಯನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು, ಗಗನಸಖಿಯನ್ನು ಕೂಗಿದೆ. ಆಕೆ ಓಡಿ ಬಂದು ಮೇಷ್ಟ್ರ ಭುಜ ಹಿಡಿದು ಹಿಂದಕ್ಕೆಳೆದು, ಬೆಲ್ಟು ಬಿಗಿದಳು. ತೆರೆದ ಬಾಗಿಲಿನ ಹಿಂದೆ ಯಾವುದೋ ಮಗು ಕೇಕೆ ಹಾಕಿ ನಗುತ್ತಿತ್ತು.

"ಒಬ್ಬ ಪೈಲಟ್‌ಗೆ ಪ್ರಜ್ಞೆ ತಪ್ಪಿದೆ. ಆಂಬುಲೆನ್ಸ್ ಬೇಕು, ರನ್‌ವೇ ಖಾಲಿ ಮಾಡಿಸಿ" ಎಂದು ರೇಡಿಯೋದಲ್ಲಿ ಹೇಳಿದೆ. ಇಬ್ಬರು ಮಾಡುವ ಕೆಲಸ ಈಗ ಒಬ್ಬಳ ಪಾಲಿಗೆ ಬಿದ್ದಿತ್ತು. ಮೋಡ ಹರಿದಾಗ ರನ್‌ವೇ ನೆಟ್ಟಗೆ ಮುಂದಿರಲಿಲ್ಲ, ಒಂದು ಪಕ್ಕಕ್ಕೆ ಓರೆಯಾಗಿ ಕಂಡಿತು. ಅಡ್ಡಗಾಳಿ. ಚಕ್ರ ನೆಲಕ್ಕೆ ಬಡಿಯಿತು, ಪುಟಿಯಿತು, ಮತ್ತೆ ಬಡಿಯಿತು. ಎಂಜಿನ್ ಆರಿಸಿ ಬಾಗಿಲು ತೆರೆಸಿದೆ.

ಮೆಟ್ಟಿಲ ಬುಡಕ್ಕೆ ಮೊದಲು ಓಡಿ ಬಂದವನು ಶಿಳ್ಳೆ. ಅವನೂ ನನ್ನ ಹಾಗೇ ಕೋ-ಪೈಲಟ್. ಒಂದೇ ಶಾಲೆಯಲ್ಲಿ ಹಾರಲು ಕಲಿತವರು ನಾವು, ಅಣ್ಣ ತಂಗಿಯಂತೆ ಇದ್ದೆವು. ನಾನಿರುವ ನನ್ನ ಸೋದರತ್ತೆಯ ಮನೆಯಲ್ಲೇ ಮಹಡಿಯ ಕೋಣೆ ಬಾಡಿಗೆ ಹಿಡಿದಿದ್ದ. ಬಾಯಲ್ಲಿ ಸದಾ ಶಿಳ್ಳೆ ಇರುತ್ತಿದ್ದುದರಿಂದ ಅದೇ ಹೆಸರಾಯಿತು. ಆ ದಿನ ಅದೇ ವಿಮಾನದ ಮೊದಲ ಹಾರಾಟ ಅವನದು. ವಿಮಾನವನ್ನು ನಮಗಾಗಿ ನಿಲ್ಲಿಸಿ, ನಾವು ಬರುವ ಮೊದಲೇ ಇಳಿದು ಹೋಗಿದ್ದ. ಈಗ ಸ್ಟ್ರೆಚರಿನ ಮೇಲಿದ್ದವರನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಮೇಷ್ಟ್ರಾ?" ಎಂದ. ನನ್ನನ್ನು ದಿಟ್ಟಿಸಿ ನೋಡಿ ಮತ್ತೆ, "ಮೇಷ್ಟ್ರಾ?" ಎಂದ.

ಮಾರನೆಯ ದಿನ ಮೇಷ್ಟ್ರ ಹೆಂಡತಿ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು.

"ರಕ್ತದಲ್ಲಿ ನಿದ್ದೆ ಔಷಧಿ ಸಿಕ್ಕಿದೆಯಂತೆ. ಮಾತ್ರೆ ನುಂಗಿ ವಿಮಾನ ಹತ್ತಿದ್ರು ಅಂತ ಊರೆಲ್ಲ ಆಡ್ಕೊಳ್ತಿದೆ. ತಲೆನೋವಿಗೂ ಮಾತ್ರೆ ಮುಟ್ಟದ ಮನುಷ್ಯ ಅವರು! ನೀವೇ ಏನಾದ್ರೂ ಮಾಡ್ಬೇಕು, ಟವರಮ್ಮ."

ಅತ್ತೆ ನಿವೃತ್ತರಾಗುವವರೆಗೂ ಕಂಟ್ರೋಲ್ ಟವರಿನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳಿದವರು. ಮುಖ ಕಾಣದವರ ದನಿ ಕೇಳಿಯೇ ಸುಳ್ಳು, ಸುಸ್ತು, ಭಯ ಎಲ್ಲ ಹಿಡಿಯುತ್ತಿದ್ದರು. ಇಳಿಯುವ ಪೈಲಟ್‌ಗಳ ಕಣ್ಣಿಗೆ ಲೇಸರ್ ಬೆಳಕು ಬಿಡುತ್ತಿದ್ದ ಕಿಡಿಗೇಡಿಯನ್ನು ಪತ್ತೆ ಮಾಡಿದ್ದೂ ಅವರೇ. ವಿಮಾನ ನಿಲ್ದಾಣದವರಿಗೆ ಏನೇ ತೊಡಕಾದರೂ ನಮ್ಮ ಮನೆಗೆ ಬರುತ್ತಿದ್ದರು. ನಾನು ಅತ್ತೆಯ ಬಲಗೈ. ಓಡಾಟವೆಲ್ಲ ನನ್ನದೇ.

"ಅಳಬೇಡಿ. ಕೂತ್ಕೊಳ್ಳಿ" ಎಂದರು ಅತ್ತೆ. ನನ್ನ ಕಡೆ ತಿರುಗಿ, "ಬೆಳಿಗ್ಗೆಯಿಂದ ಏನೇನಾಯ್ತು, ಒಂದೂ ಬಿಡದೆ ಹೇಳು" ಎಂದರು.

ಹೇಳಿದೆ. ನಾನು ಸದ್ಯದಲ್ಲೇ ಕ್ಯಾಪ್ಟನ್ ಆಗಬೇಕಾದವಳು. ವಿಮಾನ ಹತ್ತಿದ ಮೇಲೆ ಮೇಷ್ಟ್ರು ಇದ್ದಕ್ಕಿದ್ದಂತೆ, "ಇವತ್ತು ನೀನೇ ಎಡಗಡೆ ಕೂತ್ಕೋ. ಕ್ಯಾಪ್ಟನ್ ಸೀಟಿನಿಂದ ಲೋಕ ಹೇಗೆ ಕಾಣುತ್ತೆ ನೋಡು" ಎಂದು, ತಾವು ನನ್ನ ಬಲಗಡೆಯ ಸೀಟಿನಲ್ಲಿ ಕೂತರು. ಹೊಸಬರನ್ನು ತಯಾರು ಮಾಡುವವರಾದ್ದರಿಂದ ಅವರು ಎರಡೂ ಕಡೆ ಕೂರಬಲ್ಲವರು. ಗಗನಸಖಿ ಮುಚ್ಚಳ ಒಡೆಯದ ಎರಡು ನೀರಿನ ಬಾಟಲಿ ತಂದುಕೊಟ್ಟಳು. ಎಂಜಿನಿಯರ್ ಸಹಿ ಹಾಕಿಸಿಕೊಳ್ಳಲು ಒಳಗೆ ಬಂದು, "ಏನಮ್ಮಾ, ಬಡ್ತಿ ಆಗೇ ಹೋಯ್ತಾ?" ಎಂದು ನನಗೆ ತಮಾಷೆ ಮಾಡಿದ. ಆದರೆ ಬಲ ಸೀಟಿನ ಬೆನ್ನಿಗೆ ಕೈಯೂರಿ ನಿಂತಿದ್ದರೂ ಮೇಷ್ಟ್ರ ಮುಖ ಮಾತ್ರ ನೋಡಲಿಲ್ಲ. ಹಿಂದಿನ ವಾರವಷ್ಟೇ ಸವೆದ ಟೈರಿಗಾಗಿ ಇಬ್ಬರಿಗೂ ಜೋರು ಜಗಳವಾಗಿತ್ತು.

"ಎಂಜಿನಿಯರೇ ಇರಬೇಕು" ಎಂದರು ಮೇಷ್ಟ್ರ ಹೆಂಡತಿ.

ಅತ್ತೆ ವಿಮಾನ ಸಂಸ್ಥೆಯ ಸುರಕ್ಷಾ ಅಧಿಕಾರಿಗೆ ಫೋನ್ ಮಾಡಿದರು. "ವಿಮಾನದ ಕಾಕ್‌ಪಿಟ್‌ನಲ್ಲಿ ಎಷ್ಟು ಬಾಟಲಿ ಸಿಕ್ತು?... ಮೂರಾ? ಮೂರನ್ನೂ ಪ್ರಯೋಗಾಲಯಕ್ಕೆ ಕಳಿಸಿ."

ಆಸ್ಪತ್ರೆಯಲ್ಲಿ ಮೇಷ್ಟ್ರು ದಿಂಬಿಗೊರಗಿ ಕೂತಿದ್ದರು. ನಾಲಗೆ ಇನ್ನೂ ತೊದಲುತ್ತಿತ್ತು.

"ಏನು ಕುಡಿದ್ರಿ?" ಎಂದು ಅತ್ತೆ ಕೇಳಿದರು.

ಮೇಷ್ಟ್ರು ನನ್ನನ್ನು ನೋಡಿ ಸಂಕೋಚದಿಂದ ನಕ್ಕರು. "ತಪ್ಪು ತಿಳ್ಕೋಬೇಡ ಮಗಳೇ. ವಾಪಸ್ ಬರೋವಾಗ ಬಾಯಾರಿತ್ತು. ಸೀಟಿನ ಪಕ್ಕದ ಚೀಲದಲ್ಲಿ ನಿನ್ನ ನಿಂಬೆ ನೀರು ಇತ್ತಲ್ಲ, ಅದನ್ನೇ ಕುಡಿದೆ. ಹುಳಿ ಜಾಸ್ತಿ, ಕಡೇಲಿ ಸ್ವಲ್ಪ ಕಹಿ."

ನೀರಿಗೆ ನಿಂಬೆ-ಉಪ್ಪಿನ ಪುಡಿ ಬೆರೆಸಿ ಕುಡಿಯುವ ಅಭ್ಯಾಸ ನನ್ನದೇ. ಆದರೆ ಪುಡಿ ಮುಗಿದಿದ್ದರಿಂದ ಆ ದಿನ ನಾನು ಮನೆಯಿಂದ ಬಾಟಲಿಯನ್ನೇ ಒಯ್ದಿರಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತೆಯ ತೋಳು ಹಿಡಿದೆ. "ಅತ್ತೇ, ಅದು ನಂಗೆ ಇಟ್ಟಿದ್ದು."

"ಹೂಂ. ಜೋರಾಗಿ ಕೂಗಬೇಡ. ಯಾರ ಹತ್ರಾನೂ ಹೇಳಬೇಡ."

ಆಮೇಲಿನ ಹೊತ್ತು ಹೇಗೆ ಕಳೆಯಿತೋ. ಬಾಯಿ ಒಣಗಿದ್ದರೂ ಮನೆಯ ನಲ್ಲಿಯ ನೀರು ಕುಡಿಯಲು ಧೈರ್ಯವಾಗಲಿಲ್ಲ. ಪ್ರತಿ ಮುಖವೂ ನೆನಪಾಗುತ್ತಿತ್ತು. ದಿನಕ್ಕೆ ನಾಲ್ಕಾರು ಸಲ ಏರಿಳಿಯುವ ಕೆಲಸ ನಮ್ಮದು. ದೊಡ್ಡ ವಿಮಾನದವರು ಮೋಡದ ಮೇಲೆ ಹಾರಿದರೆ ನಾವು ಒಳಗೇ ನುಸುಳುತ್ತೇವೆ. ಅದೇ ಊರು, ಅದೇ ಗುಡ್ಡ, ಅದೇ ಸಹೋದ್ಯೋಗಿಗಳು. ಇವರಲ್ಲಿ ಯಾರನ್ನೂ ನಂಬದೆ ಇಲ್ಲಿ ಒಂದು ಚಕ್ರವೂ ಉರುಳುವುದಿಲ್ಲ.

ಸಂಜೆ ಶಿಳ್ಳೆ ನನಗಾಗಿ ಚಹಾ ಮಾಡಿ ತಂದ. ಲೋಟ ತಟ್ಟೆಯ ಮೇಲೆ ಕಟಕಟನೆ ಅಲುಗಿ, ಚಹಾ ಚೆಲ್ಲಿತು.

"ಇನ್ನೂ ನಿಂತಿಲ್ವಾ ಈ ನಡುಕ?" ಎಂದೆ.

"ನಿದ್ದೆಗೆಟ್ಟಿದೀನಿ, ಅಷ್ಟೇ" ಎಂದು ಕೈ ಜೇಬಿಗೆ ಇಳಿಸಿದ.

ಹಿಂದಿನ ತಿಂಗಳು ಬಿರುಗಾಳಿಯಲ್ಲಿ ಅವನ ವಿಮಾನದ ಒಂದು ಎಂಜಿನ್ ನಿಂತಿತ್ತು. ಎಲ್ಲರೂ ಬದುಕಿದರು, ಅವನ ಶಿಳ್ಳೆ ಮಾತ್ರ ಅಂದೇ ನಿಂತಿತು. ವೈದ್ಯರಿಗೆ ಹೇಳು ಎಂದು ನಾನು ಹಿಂದೆ ಬಿದ್ದಿದ್ದೆ. "ನೀನು ಹೇಳ್ದಿದ್ರೆ ನಾನೇ ಹೇಳ್ಬೇಕಾಗುತ್ತೆ ಕಣೋ, ಹಿಂದೆ ಜನ ಕೂತಿರ್ತಾರೆ" ಎಂದೂ ಗದರಿದ್ದೆ. ಆ ಸಂಜೆ ಮತ್ತೆ ಅದನ್ನೆತ್ತಲು ಮನಸ್ಸಾಗಲಿಲ್ಲ. ಅವನು ಹೋದ ಮೇಲೆ ಚಹಾವನ್ನು ಅತ್ತೆ ಸದ್ದಿಲ್ಲದೆ ತೊಟ್ಟಿಗೆ ಸುರಿದರು.

"ಅತ್ತೇ!"

"ಸದ್ಯಕ್ಕೆ ಯಾರು ಕೊಟ್ಟಿದ್ದೂ ಬೇಡ" ಎಂದರು, ಅಷ್ಟೇ.

ಬೆಳಿಗ್ಗೆ ಅತ್ತೆ ನನ್ನನ್ನು ಕರೆದುಕೊಂಡು ವಿಮಾನ ರಿಪೇರಿಯ ಹ್ಯಾಂಗರಿಗೆ ಹೋದರು. ಎಂಜಿನಿಯರ್ ಪ್ರೊಪೆಲರ್ ಒರೆಸುತ್ತಿದ್ದವನು ನಮ್ಮನ್ನು ನೋಡಿ ಸಿಡುಕಿದ.

"ಗೊತ್ತು ಬಿಡಿ, ಎಲ್ಲರ ಬೆರಳೂ ನನ್ನ ಕಡೇನೇ. ಜಗಳ ಆಡಿದ್ದು ನಿಜ. ಹಾಗಂತ ನಾನೇ ಬಿಗಿದ ನಟ್ಟು ಬೋಲ್ಟಿನ ವಿಮಾನಾನ ಬೀಳಿಸ್ತೀನಾ?"

"ಸುದ್ದಿ ಬಂದಾಗ ನೀವೆಲ್ಲಿದ್ರಿ?"

"ಹೊರಗೆ, ಮೆಟ್ಟಿಲ ಗಾಡಿ ಹತ್ರ. ಟವರಿನಿಂದ ಫೋನ್ ಬಂತು, ಒಬ್ಬ ಪೈಲಟ್‌ಗೆ ಪ್ರಜ್ಞೆ ಇಲ್ಲ, ಸಜ್ಜಾಗಿ ಅಂತ. ನನಗಂತೂ ಜೀವ ಬಾಯಿಗೆ ಬಂತು. ಧೈರ್ಯ ಹೇಳಿದ್ದು ಶಿಳ್ಳೆ. ಪಾಪ, ಡ್ಯೂಟಿ ಮುಗಿದ್ರೂ ಮನೆಗೆ ಹೋಗದೆ ಅಲ್ಲೇ ಇದ್ದ. 'ಏನೂ ಆಗಲ್ಲ, ವಿಮಾನ ಮೇಷ್ಟ್ರ ಕೈಲಿದೆ' ಅಂದ."

ಅತ್ತೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು, ಟವರಿನಲ್ಲಿ ದೂರದ ದನಿಗೆ ಕಿವಿಗೊಡುತ್ತಿದ್ದ ಹಾಗೆ. ಆಮೇಲೆ, "ಎಲ್ಲರನ್ನೂ ಮಧ್ಯಾಹ್ನ ಸೇರಿಸು" ಎಂದರು.

ಪೈಲಟ್‌ಗಳ ವಿಶ್ರಾಂತಿ ಕೋಣೆಯಲ್ಲಿ ಸೇರಿದೆವು. ಸುರಕ್ಷಾ ಅಧಿಕಾರಿ, ಎಂಜಿನಿಯರ್, ಗಗನಸಖಿ, ಗಾಲಿಕುರ್ಚಿಯಲ್ಲಿ ಮೇಷ್ಟ್ರು, ಪಕ್ಕದಲ್ಲಿ ಅವರ ಹೆಂಡತಿ. ಶಿಳ್ಳೆ ಕಿಟಕಿಯ ಬಳಿ ಗೋಡೆಗೊರಗಿ ನಿಂತಿದ್ದ.

"ಮೊದಲು ಮೇಷ್ಟ್ರ ಹೆಸರಿಗೆ ಹತ್ತಿದ ಮಸಿ ಒರೆಸೋಣ" ಎಂದರು ಅತ್ತೆ. "ಔಷಧಿ ಇದ್ದದ್ದು ನಿಂಬೆ ನೀರಲ್ಲಿ. ಪ್ರಯೋಗಾಲಯದವರು ಹೇಳಿದಾರೆ ತಾನೆ?"

"ಮೂರನೇ ಬಾಟಲಿಯಲ್ಲಿ ಸಿಕ್ಕಿದೆ" ಎಂದರು ಅಧಿಕಾರಿ.

"ಎಲ್ಲರೂ ಕೇಳಿದ್ದು ಮೇಷ್ಟ್ರಿಗೆ ಯಾರು ಶತ್ರು ಅಂತ. ನಾನು ಕೇಳಿದ್ದು, ಆ ಸೀಟಿನಲ್ಲಿ ಯಾರು ಕೂರಬೇಕಿತ್ತು ಅಂತ. ಬಲಗಡೆ ಕೋ-ಪೈಲಟ್ ಜಾಗ. ನೀರೂ ಇವಳ ರುಚಿಗೆ ತಕ್ಕ ಹಾಗೇ ಇತ್ತು. ಗುರಿ ನನ್ನ ಸೊಸೆ. ಸೀಟು ಅದಲು ಬದಲಾದದ್ದು ವಿಮಾನ ಹತ್ತಿದ ಮೇಲೆ. ಅದು ಗೊತ್ತಿದ್ದದ್ದು ಇವರಿಬ್ಬರನ್ನು ಬಿಟ್ರೆ ಇನ್ನಿಬ್ಬರಿಗೆ ಮಾತ್ರ. ಗಗನಸಖಿ ಇವರ ಜೊತೆಗೇ ಹತ್ತಿದವಳು. ಅವಳಿಗೆ ಬೇಕಿದ್ರೆ ಬಾಟಲಿ ಇವಳ ಕೈಗೇ ಕೊಡ್ತಿದ್ದಳು. ಎಂಜಿನಿಯರ್ ಬಲ ಸೀಟಿಗೆ ಆತುಕೊಂಡೇ ನಿಂತಿದ್ದ, ಇವಳು ಎಡಗಡೆ ಕೂತದ್ದು ನೋಡಿ ತಮಾಷೆನೂ ಮಾಡಿದ. ಬಾಟಲಿ ಅವನದ್ದಾಗಿದ್ರೆ ಕೈ ಚಾಚಿ ತೆಗೀತಿದ್ದ. ತೆಗೀಲಿಲ್ಲ. ಅಂದ್ರೆ ಅದನ್ನಿಟ್ಟವನಿಗೆ ಸೀಟು ಬದಲಾದದ್ದೇ ಗೊತ್ತಿಲ್ಲ. ಅವನು ಆಗಲೇ ಇಳಿದು ಹೋಗಿದ್ದ."

ಎಂಜಿನಿಯರ್ ತಲೆಯಾಡಿಸಿದ.

"ಅದಕ್ಕೂ ಮುಂಚೆ ಆ ಸೀಟಿನಿಂದ ಎದ್ದು ಹೋದವನು ಒಬ್ಬನೇ. ಒಬ್ಬ ಪೈಲಟ್ ಬಿದ್ದಿದ್ದಾನೆ ಅಂತ ಅಷ್ಟೇ ಸುದ್ದಿ ಬಂದಾಗ, ಒಬ್ಬರು ನಿವೃತ್ತಿ ಹತ್ರ ಇರೋ ಹಿರಿಯರು, ಇನ್ನೊಬ್ಬಳು ಗಟ್ಟಿಮುಟ್ಟಾದ ಹುಡುಗಿ ಅಂದ್ರೆ ನೀವು ಯಾರು ಅಂದ್ಕೋತೀರಿ? ಎಲ್ಲರೂ ಮೇಷ್ಟ್ರು ಅಂತಾರೆ. ಇವನು ಮಾತ್ರ, 'ವಿಮಾನ ಮೇಷ್ಟ್ರ ಕೈಲಿದೆ' ಅಂದ. ಸ್ಟ್ರೆಚರ್ ನೋಡಿ ಬೆರಗಾದ. ಯಾರು ಬೀಳಬೇಕು ಅನ್ನೋದು ಅವನಿಗೆ ಮೊದಲೇ ಗೊತ್ತಿತ್ತು."

ಎಲ್ಲರ ಕಣ್ಣೂ ಕಿಟಕಿಯ ಕಡೆ ಹೊರಳಿತು. ಶಿಳ್ಳೆಯ ಎರಡೂ ಕೈ ಜೇಬಿನಲ್ಲೇ ಇದ್ದವು. ಬಟ್ಟೆಯೊಳಗಿಂದಲೂ ನಡುಕ ಕಾಣುತ್ತಿತ್ತು.

"ಯಾಕೋ?" ಎಂದೆ.

"ನೀನು ಡಾಕ್ಟರಿಗೆ ಹೇಳ್ತೀಯ ಅಂತ ಭಯ ಆಯ್ತು" ಎಂದ. "ಹಾರೋದು ಬಿಟ್ರೆ ನಂಗೇನು ಬರುತ್ತೆ? ನನ್ನ ನಿದ್ದೆ ಮಾತ್ರೆನೇ ಪುಡಿ ಮಾಡಿ ಹಾಕಿದೆ. ಹಿಂದೆ ನೀನೇ ಮರೆತು ಬಿಟ್ಟದ್ದು ಅಂದ್ಕೊಂಡು ಕುಡೀತೀಯ, ತೂಕಡಿಸ್ತೀಯ, ರಕ್ತ ಪರೀಕ್ಷೆಲಿ ನೀನೇ ಮಾತ್ರೆ ನುಂಗಿದ್ದು ಅಂತಾಗುತ್ತೆ, ಆಮೇಲೆ ನನ್ನ ಕೈ ನಡುಗುತ್ತೆ ಅಂತ ನೀನು ಹೇಳಿದ್ರೂ ಯಾರೂ ನಂಬಲ್ಲ ಅಂದ್ಕೊಂಡೆ. ಮೇಷ್ಟ್ರಿದಾರಲ್ಲ, ಇಳಿಸ್ತಾರೆ ಅಂತ... ಯಾರೂ ಸಾಯಬಾರದು ಅಂತಾನೇ ಇತ್ತು, ಆಣೆ."

"ಹಿಂದೆ ಕೂತಿದ್ದವರಲ್ಲಿ ಮಕ್ಕಳಿದ್ರು ಕಣೋ" ಎಂದರು ಮೇಷ್ಟ್ರು ಮೆಲ್ಲಗೆ. ಬೈದಿದ್ದರೇ ವಾಸಿ ಇತ್ತು.

ಅಧಿಕಾರಿ ಪೊಲೀಸರಿಗೆ ಫೋನ್ ಮಾಡಿದರು. ಅವರು ಬಂದು ಕರೆದೊಯ್ಯುವಾಗ ಶಿಳ್ಳೆ ನನ್ನ ಮುಂದೆ ನಿಂತ. ನಾನು ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದೆ. ಅಣ್ಣನಂಥವನಿಗೆ ಹೆದರುವುದು ಏನೆಂದು ಆಗ ಗೊತ್ತಾಯಿತು.

"ಲ್ಯಾಂಡಿಂಗ್ ಹೇಗಿತ್ತು?" ಎಂದು ಕೇಳಿದ. ಪ್ರತಿ ದಿನ ಡ್ಯೂಟಿ ಮುಗಿಸಿ ಬಂದಾಗ ಒಬ್ಬರನ್ನೊಬ್ಬರು ಕೇಳುತ್ತಿದ್ದ ಪ್ರಶ್ನೆ.

"ಕೆಟ್ಟದಾಗಿತ್ತು. ಅಡ್ಡಗಾಳಿ. ಎರಡು ಸಲ ಬಡೀತು."

ಅವನು ತಲೆಯಾಡಿಸಿದ. "ನಾನಾಗಿದ್ರೆ ನನ್ನ ಕೈಲಿ ಆಗ್ತಾ ಇರ್ಲಿಲ್ಲ" ಎಂದ.

ಒಂದು ತಿಂಗಳಿನಿಂದ ಅವನ ಬಾಯಿಂದ ನಾನು ಕೇಳಬೇಕೆಂದಿದ್ದದ್ದು ಅದೊಂದೇ ಮಾತು. ಅದನ್ನು ಹೇಳಿ, ಅವನು ಪೊಲೀಸರ ನಡುವೆ ಹೊರಗೆ ನಡೆದ.