ಎರಡು ಮೊಳೆಯ ಕೋಲು

ಗಾಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಕುಂದಾವತಿ ಎಂಬ ರಾಜ್ಯವಿತ್ತು. ಅಲ್ಲಿ ಯಾರಿಗೂ ನಿದ್ದೆಯಿರಲಿಲ್ಲ. ಧೂಮಕನೆಂಬ ಮಾಂತ್ರಿಕ ಊರಿನ ಬಾಗಿಲುಗಳನ್ನೆಲ್ಲ ಸೊಟ್ಟ ಮಾಡಿ, ಸಂಜೆಯಾಗುತ್ತಲೇ ಸಂದಿಯಿಂದ ನುಗ್ಗಿ, ಜನರ ನಿದ್ದೆಯನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ. ಒಂದೇ ಒಂದು ಬಾಗಿಲು ಸರಿಯಾಗಿ ಮುಚ್ಚಿದರೂ ಆ ಚೀಲ ಒಡೆಯುತ್ತಿತ್ತು. ಆದರೆ ಮುಚ್ಚಬೇಕಲ್ಲ!

ಬಡಗಿ ಬೊಮ್ಮಾಚಾರಿಯ ಹೆಂಡತಿ ಕಾಳವ್ವ ಹೆರಿಗೆಯಾದಾಗಿನಿಂದ ಕಣ್ಣು ಮುಚ್ಚಿರಲಿಲ್ಲ. ಇವತ್ತೂ ನಿದ್ದೆ ಬಾರದಿದ್ದರೆ ಅವಳು ಉಳಿಯುವುದಿಲ್ಲವೆಂದು ವೈದ್ಯ ಹೇಳಿ ಹೋಗಿದ್ದ. ಬೊಮ್ಮಾಚಾರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹೊಸ ಕದ ಮಾಡಿ, ಗೆರೆ ಹಾಕುವ ಕೋಲು ಹಿಡಿದ. ಕೋಲಿಗೊಂದು ಮೊಳೆ, ಕೋಲಿನ ಮೇಲೆ ಹಿಂದೆ ಮುಂದೆ ಜಾರುವ ಮರದ ತುಂಡು, ಅದೇ ಕಟ್ಟೆ. ಕಟ್ಟೆಯನ್ನು ಅಂಚಿಗೊತ್ತಿ ಎಳೆದರೆ ಬಿಜಾಗರಿ ಕೂರಿಸುವ ಜಾಗಕ್ಕೆ ಮೊಳೆ ಗೆರೆ ಹಾಕುತ್ತಿತ್ತು. ಕದಕ್ಕೊಂದು ಅಳತೆ, ಚೌಕಟ್ಟಿಗೆ ಕೂದಲೆಳೆಯಷ್ಟು ಹೆಚ್ಚು. ಹಾಗಿದ್ದರೆ ಮಾತ್ರ ಕದ ಉಜ್ಜದೆ ಮುಚ್ಚುತ್ತದೆ.

ಕದಕ್ಕೆ ಗೆರೆ ಹಾಕಿ, ಚೌಕಟ್ಟಿಗಾಗಿ ಕಟ್ಟೆ ಸರಿಸಿ, ಬಿಜಾಗರಿ ಕೂರಿಸಿದ. ಬೆರಳು ತೂರುವಷ್ಟು ಸಂದಿ ಉಳಿಯಿತು. ಬೈದುಕೊಂಡು ಮತ್ತೆ ಕಟ್ಟೆ ಸರಿಸಿದ. ಈ ಸಲ ಕದ ಚೌಕಟ್ಟಿಗೆ ಕಚ್ಚಿಕೊಂಡು ಅರ್ಧದಲ್ಲೇ ನಿಂತಿತು. ಹೊತ್ತು ಇಳಿಯುತ್ತಿತ್ತು.

"ರೀ, ಆ ಕಟ್ಟೇನ ಇನ್ನೆಷ್ಟು ಸಲ ಸರಿಸ್ತೀರಿ?" ಎಂದಳು ಕಾಳವ್ವ ಕ್ಷೀಣ ದನಿಯಲ್ಲಿ. "ನೀವು ಕೈ ಬಿಟ್ಟ ಕೂಡ್ಲೇ ಆ ನೊಣ ಸರಿಸ್ತದೆ."

ಬೊಮ್ಮಾಚಾರಿ ತಿರುಗಿ ನೋಡಿದ. ಹಸಿರು ನೊಣವೊಂದು ಏದುಸಿರು ಬಿಡುತ್ತ ಕಟ್ಟೆಯನ್ನು ತಳ್ಳುತ್ತಿತ್ತು. ಅದು ನೊಣದ ರೂಪ ತಾಳಿದ ಧೂಮಕನೇ!

"ಸರಿಸುವ ಗೊಡವೆಯೇ ಬೇಡ!" ಎಂದು ಬೊಮ್ಮಾಚಾರಿ ಎದ್ದ. ಕೋಲಿನ ಒಂದು ಮಗ್ಗುಲಿಗೆ ಕದದ ಮೊಳೆ, ಇನ್ನೊಂದು ಮಗ್ಗುಲಿಗೆ ಕೂದಲೆಳೆ ಆಚೆ ಚೌಕಟ್ಟಿನ ಮೊಳೆ ಹೊಡೆದು, ಕಟ್ಟೆಗೆ ಬೆಣೆ ಬಡಿದ. ಇನ್ನು ಕೋಲು ಹೊರಳಿಸಿದರೆ ಸಾಕು, ಕಟ್ಟೆ ಸರಿಸದೆಯೇ ಎರಡೂ ಅಳತೆ ಸಿಗುತ್ತಿತ್ತು. ನೊಣ ಇದ್ದ ಬಲವನ್ನೆಲ್ಲ ಹಾಕಿ ತಳ್ಳಿತು. ಕಾಲು ಉಳುಕಿತೇ ಹೊರತು ಕಟ್ಟೆ ಮಿಸುಕಲಿಲ್ಲ.

ಸೂರ್ಯ ಮುಳುಗುವಾಗ, ಹೊಸ ಗೆರೆಗೆ ಬಿಜಾಗರಿ ಕೂರಿಸಿದ ಕದ ಮೆತ್ತಗೆ ಮುಚ್ಚಿಕೊಂಡಿತು. ಹೊರಗೆ ಚೀಲ ಢಬ್ಬೆಂದು ಒಡೆಯಿತು. ಮಂತ್ರವೆಲ್ಲ ಸೋರಿಹೋದ ಧೂಮಕ ಕುಂಟುತ್ತ ಕಾಡು ಸೇರಿದ. ಊರಿಡೀ ಗೊರಕೆ ಎದ್ದಿತು.

ಬೆಳಿಗ್ಗೆ ರಾಜನೇ ಬಹುಮಾನ ಹೊತ್ತು ಬಂದು ಬಾಗಿಲು ತಟ್ಟಲು ಹೋದ. ಬೊಮ್ಮಾಚಾರಿ ಹೊರಗಡೆ ಕದಕ್ಕೆ ಬೆನ್ನು ಕೊಟ್ಟು ಕೂತಿದ್ದ. ಕಣ್ಣಲ್ಲಿ ಆನಂದದ ನೀರು ಧಾರಾಕಾರ.

"ತಟ್ಟಬೇಡಿ ಪ್ರಭು," ಎಂದು ಪಿಸುಗುಟ್ಟಿದ. "ಅವಳು ಮಲಗಿದ್ದಾಳೆ."

ರಾಜ ಚಪ್ಪಲಿ ಕಳಚಿ, ಸದ್ದಿಲ್ಲದೆ ಜಗಲಿಯ ಮೇಲೆ ಕೂತ.