ಬೆನ್ನಿಲ್ಲದ ಮೆಟ್ಟಿಲು

ಮುರುಗೇಶಪ್ಪನವರು ತಮ್ಮ ಹೊಸ ಮನೆಯ ಹಾಲ್‌ನಲ್ಲಿ ಅಂಗಾತ ಬಿದ್ದಿದ್ದರು. ತಲೆಯ ಕೆಳಗಿನ ಗ್ರಾನೈಟ್ ಕೆಂಪಾಗಿತ್ತು. ಸ್ನಾನ ಮಾಡಿದ ಕೂದಲು ಇನ್ನೂ ಒದ್ದೆ. ಪಕ್ಕದಲ್ಲಿ ಮೆಟ್ಟಿಲ ಹಲಗೆಯೊಂದು ಎರಡು ತುಂಡಾಗಿ ಬಿದ್ದಿತ್ತು.

ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಅಂಥ ಮೆಟ್ಟಿಲು ಅದೇ ಮೊದಲು ನೋಡಿ. ಕಬ್ಬಿಣದ ಚೌಕಟ್ಟು, ಅದರ ಮೇಲೆ ಸಾಗುವಾನಿ ಹಲಗೆಗಳು. ಹಲಗೆಗಳ ನಡುವೆ ಬರೀ ಖಾಲಿ. ಹಿಂದೆ ಬೆನ್ನಿಲ್ಲ. ಹಿಂದಿನ ದಿನ ಗೃಹಪ್ರವೇಶಕ್ಕೆ ಬಂದವರೆಲ್ಲ ಬಾಯಿ ತುಂಬ ಹೊಗಳಿದ್ದರು, ಹತ್ತುವಾಗ ಮಾತ್ರ ಗೋಡೆ ಹಿಡಿದುಕೊಂಡಿದ್ದರು. ಈಗ ಮೇಲುಗಡೆ ಒಂದು ಹಲಗೆಯ ಜಾಗ ಬಾಯಿ ತೆರೆದುಕೊಂಡು ನಿಂತಿತ್ತು.

"ಮೊದಲು ನೋಡಿದ್ದು ಯಾರು?" ಸಬ್‌ಇನ್‌ಸ್ಪೆಕ್ಟರ್ ಸುಷ್ಮಾ ಕೇಳಿದಳು.

"ನಾನೇ," ಅಂದರು ಮುರುಗೇಶಪ್ಪನವರ ಹೆಂಡತಿ ಜಗದಾಂಬಾ. "ಲಿಂಗಪೂಜೆಗೆ ಮಹಡಿಗೆ ಹೊರಟಿದ್ರು. ಫಟ್ ಅಂತ ಸದ್ದಾಯ್ತು. ನಾನು ಓಡಿ ಬರೋಷ್ಟರಲ್ಲಿ..."

ಸತ್ತವರ ತಮ್ಮ ಮಲ್ಲಿಕ್ ಮುರಿದ ಹಲಗೆ ತೋರಿಸಿದ. ಮರದ ಗಂಟಿನ ಹತ್ತಿರ ಹಳೆಯ ಕಪ್ಪು ಸೀಳು. "ನೋಡಿ ಮೇಡಂ. ಆ ಭದ್ರಾವತಿ ಬಡಗಿ ಓಬಯ್ಯ ಸೀಳಿದ ಮರಕ್ಕೆ ಪಾಲಿಶ್ ಬಳಿದು ಹೋಗಿದಾನೆ. ನಮ್ಮಣ್ಣನ್ನ ಕೊಂದಿದ್ದು ಅವನೇ."

* * *

ಮಧ್ಯಾಹ್ನದ ಹೊತ್ತಿಗೆ ಕಾನ್‌ಸ್ಟೇಬಲ್ ಭೈರಪ್ಪ ಓಬಯ್ಯನನ್ನು ಭದ್ರಾವತಿಯಿಂದ ಎಳೆದು ತಂದ.

"ಆ ಹಲಗೆ ನಾನು ಹಾಕಿದ್ದೇ ಅಲ್ಲಮ್ಮ," ಅಂದ ಓಬಯ್ಯ. "ಪಾಲಿಶ್ ಮಾಡುವಾಗ ಸೀಳು ಕಾಣಿಸ್ತು. ಮನೆ ಹಿಂದಿನ ಶೆಡ್ಡಿಗೆ ಎಸೆದು ಬೇರೆ ಹಾಕಿದೆ."

"ನೀವು ಬಡಗಿಗಳೆಲ್ಲ ಹಿಂಗೇ ಮಾರಾಯ," ಅಂದ ಭೈರಪ್ಪ. "ಮದುವೇಲಿ ಮಂಚ ಮುರಿದ್ರೂ ಮರ ನಂದಲ್ಲ ಅಂತೀರ."

ಓಬಯ್ಯ ನಗಲಿಲ್ಲ. ಸ್ಟೇಷನ್ ಹೊರಗೆ ಮುರುಗೇಶಪ್ಪನವರ ಕಡೆಯವರು ಗುಂಪುಗಟ್ಟಿದ್ದರು. ಅವನನ್ನು ಈಚೆ ಬಿಡಿ, ನಾವೇ ನೋಡ್ಕೊಳ್ತೀವಿ ಅನ್ನುವ ಮಾತು ಒಳಗೂ ಕೇಳುತ್ತಿತ್ತು. ಮೇಲಿನವರ ಫೋನೂ ಬಂತು: ಸಂಜೆಯೊಳಗೆ ಕೇಸು ಹಾಕಿ ಜೈಲಿಗೆ ಕಳಿಸಿ.

"ನನ್ನ ಮಾತು ನಂಬೋರು ಯಾರೂ ಇಲ್ವೇನಮ್ಮ?" ಓಬಯ್ಯ ಕೇಳಿದ.

ಸುಷ್ಮಾ ಟೋಪಿ ಎತ್ತಿಕೊಂಡಳು. ಜೀಪ್ ತೆಗೆಯಲು ಹೇಳಿದಳು. "ಇವನನ್ನೂ ಕರ್ಕೊಂಡು ಬಾ, ಭೈರಪ್ಪ."

* * *

ಮನೆಯಲ್ಲಿ ಅಳುವೂ ನಿಂತುಹೋಗಿತ್ತು. ಸುಷ್ಮಾ ಮೆಟ್ಟಿಲ ಕೆಳಗೆ ಹೋಗಿ ತಲೆ ಎತ್ತಿದಳು. ಬೋಲ್ಟುಗಳೆಲ್ಲ ಕೆಳಗಿನಿಂದ. ಸ್ಪ್ಯಾನರ್ ಒಂದಿದ್ದರೆ ಯಾರು ಬೇಕಾದರೂ ಬಿಚ್ಚಬಹುದು.

ಮುಂದೆ ಬಂದು ನಿಂತಳು. ಪ್ರತಿ ಹಲಗೆಯ ಅಂಚಿನಲ್ಲೂ ಮೂರು ಬೆರಳಿನ ವಿಭೂತಿ ಪಟ್ಟೆ. ಮುರಿದ ಹಲಗೆಯನ್ನು ತಿರುಗಿಸಿ ನೋಡಿದಳು. ಅದರ ಅಂಚು ಬೋಳು.

"ಇದನ್ನ ಹಚ್ಚಿದ್ದು ಯಾರಮ್ಮ?"

"ನಾನೇ, ಗೃಹಪ್ರವೇಶದ ಪೂಜೇಲಿ," ಅಂದರು ಜಗದಾಂಬಾ. "ಒಂದೂ ಬಿಡ್ಲಿಲ್ಲ. ಬಿಟ್ರೆ ನಮ್ಮನೆಯವರು ಸುಮ್ನಿರ್ತಿದ್ರಾ?"

"ಆಮೇಲೆ ಮನೇಲಿ ಯಾರಿದ್ರು?"

"ಸಂಜೆ ನೆಂಟರನ್ನ ಬಿಡೋಕೆ ಎಲ್ಲಾ ಹೊಳಲೂರಿಗೆ ಹೋದ್ವಿ, ರಾತ್ರಿ ಬಂದು ಕೆಳಗೇ ಮಲಗಿದ್ವಿ. ಮಲ್ಲಿಕ್ ತಲೆನೋವು ಅಂತ ಉಳ್ಕೊಂಡ."

ಭೈರಪ್ಪ ಪಿಸುಗುಟ್ಟಿದ, "ಮೇಡಂ, ಬದಲಾಯಿಸಿದ್ರೆ ಒಳ್ಳೇ ಹಲಗೆ ಎಲ್ಲಿ? ಶೆಡ್ಡಲ್ಲಿಲ್ಲ. ಒಲೆಗೆ ಹಾಕಿರ್ತಾರೆ."

"ಪೂಜೆ ಆದ ಹಲಗೆ. ಈ ಮನೆತನದಲ್ಲಿ ಹುಟ್ಟಿದೋರು ಅದನ್ನ ಸುಡಲ್ಲ, ಕಸಕ್ಕೂ ಎಸೆಯಲ್ಲ. ಕಾಲಿಗೆ ಸಿಗದ ಕಡೆ ನೋಡು, ಎತ್ತರದಲ್ಲಿ."

ಸಿಕ್ಕಿತು. ಮಲ್ಲಿಕ್‌ನ ಕೋಣೆ, ಬೀರುವಿನ ತಲೆಯ ಮೇಲೆ. ಒಗೆದ ಬಿಳಿ ಪಂಚೆಯಲ್ಲಿ ಸುತ್ತಿಟ್ಟ ಸಾಗುವಾನಿ ಹಲಗೆ. ಅಂಚಿನಲ್ಲಿ ಮೂರು ಪಟ್ಟೆ.

* * *

ಮಲ್ಲಿಕ್ ಹಾಲಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತೇ ಇದ್ದ.

"ಸೀಳಿದ ಹಲಗೆ ಶೆಡ್ಡಲ್ಲಿತ್ತು. ಅದನ್ನ ಹಾಕಿದ್ರೆ ತಪ್ಪು ಬಡಗಿ ತಲೆಗೆ ಬರುತ್ತೆ. ಬೆಳಿಗ್ಗೆ ಮಹಡಿಗೆ ಹೋಗೋದು ನಿಮ್ಮಣ್ಣ. ಆಳು ದಪ್ಪ," ಅಂದಳು ಸುಷ್ಮಾ. "ಎಲ್ಲ ಸರಿ ಇತ್ತು. ಆದ್ರೆ ಮೋಸದ ಹಲಗೆಗೆ ವಿಭೂತಿ ಹಚ್ಚೋಕೆ ನಿನಗೆ ಕೈ ಬರ್ಲಿಲ್ಲ. ಪೂಜೆ ಆಗಿದ್ದನ್ನ ಎಸೆಯೋಕೂ ಬರ್ಲಿಲ್ಲ. ಅಣ್ಣನ್ನ ಬೀಳಿಸೋಕೆ ಮಾತ್ರ ಬಂತು. ಯಾಕೆ?"

ಬಾಯಿ ಬಿಟ್ಟಿದ್ದು ಜಗದಾಂಬಾ. "ಇವನು ಭದ್ರಾವತಿ ರಸ್ತೇಲಿ ಸೈಕಲ್ಲಿನವನೊಬ್ಬನಿಗೆ ಕಾರು ಗುದ್ದಿ, ನಿಲ್ಲಿಸ್ದೇ ಬಂದಿದ್ದ. ಆ ಮನುಷ್ಯ ಉಳೀಲಿಲ್ಲ. ಗೃಹಪ್ರವೇಶ ಮುಗೀಲಿ, ನಾನೇ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ರು ನಮ್ಮನೆಯವರು. ಅವರ ತಮ್ಮ ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ."

ಅವರು ಮೈದುನನ ಎದುರಿಗೆ ಹೋಗಿ ನಿಂತರು. ಧ್ವನಿ ಏರಲಿಲ್ಲ.

"ಸ್ಪಂದನಾ ಪೂಜೆಗೆ ಹೂವು ತಗೊಂಡು ಅಪ್ಪನಿಗಿಂತ ಮುಂಚೆ ಓಡಿದ್ಲು ಮಲ್ಲಿಕ್. ನನ್ನ ಮಗಳು ಅದೇ ಹಲಗೆ ಮೇಲೆ ಕಾಲಿಟ್ಟು ಹತ್ತಿದ್ಲು. ನೀನು ಇಲ್ಲೇ ಕೂತು ನೋಡ್ತಿದ್ದೆ."

ಮಲ್ಲಿಕ್ ಮೊದಲ ಸಲ ತಲೆ ಎತ್ತಿದ.

"ಅವಳು ಹಗುರ, ಅತ್ತಿಗೆ."

ಭೈರಪ್ಪ ಇನ್ನೂ ಹಿಡಿದಿದ್ದ ಓಬಯ್ಯನ ರಟ್ಟೆ ಬಿಟ್ಟ. ಹೋಗಿ ಮಲ್ಲಿಕ್‌ನ ರಟ್ಟೆ ಹಿಡಿದ.